ದೋಣಿ ರಸ್ತೆಗಿಳಿಸುವ ಮುನ್ನ

ದೋಣಿ ಕೊಂಡೆಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು ಅಳಿಯ. 11,000ಕ್ಕೂ ಹೆಚ್ಚು ಸರೋವರಗಳಿರುವ ಮಿಶಿಗನ್ನಿನಲ್ಲಿ ಮನೆ ಮಾಡಿ, ಬೇಸಿಗೆಯ ನಾಲ್ಕು ತಿಂಗಳು ದಡದಲ್ಲೇ ಕೂತಿರುವುದಕ್ಕೆ ಅರ್ಥವಿಲ್ಲ. ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದ ನಿನಗೆ ನೀರಿನ ಮೇಲಿನ ಬುದ್ಧಿ ನಾನು ಹೇಳಬೇಕಾಗಿಲ್ಲ. ನನಗೆ ಚಿಂತೆ ಇರುವುದು ನಿನ್ನ ಮನೆಯಿಂದ ಆ ನೀರಿನವರೆಗಿನ ರಸ್ತೆಯ ಬಗ್ಗೆ.

ನಮ್ಮೂರಿನ ದೋಣಿ ರಸ್ತೆ ಕಾಣುವುದೇ ಅಪರೂಪ. ಕೆಲಸವಿಲ್ಲದ ದಿನಗಳಲ್ಲಿ ಹತ್ತಾರು ಜನ ಕೈಹಚ್ಚಿ ಅದನ್ನು ಮರಳಿನ ಮೇಲೆ ಎಳೆದು, ಮಡಲು ಹೊದಿಸಿ ಇಡುತ್ತಾರೆ. ಎಷ್ಟು ಭಾರ ಎಂಬುದು ಎಳೆದವರ ಹೆಗಲಿಗೇ ಗೊತ್ತು. ಇಲ್ಲಿ ಆ ಭಾರ ಕಾರಿನ ಹಿಂದೆ ಬರುತ್ತದೆ, ಆಕ್ಸಿಲರೇಟರ್ ಒತ್ತಿದ ಪಾದಕ್ಕೆ ಅದು ತಿಳಿಯುವುದೇ ಇಲ್ಲ. ಈಗಿನ ಇಂಜಿನ್‌ಗಳು ಅಷ್ಟು ಗಟ್ಟಿ. ಅಪಾಯ ಇರುವುದೂ ಅಲ್ಲೇ. ಡೆಟ್ರಾಯ್ಟಿನ ಸುತ್ತಮುತ್ತ ಕಾರಿನ ಬ್ರೇಕುಗಳ ಕೆಲಸದಲ್ಲೇ ತಲೆ ನೆರೆಸಿಕೊಂಡವನು ನಾನು. ಎಷ್ಟು ಎಳೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀನು ಎಷ್ಟನ್ನು ನಿಲ್ಲಿಸುತ್ತದೆ ಎಂದು ಕೇಳು.

ಮೊದಲು ತೂಕದ ಮಾತು. 19 ಅಡಿಯ ಫೈಬರ್ ದೋಣಿ, ಇಂಜಿನ್ ಸೇರಿ 2,900 ಪೌಂಡ್ ಎಂದು ಅಂಗಡಿಯವರ ಕಾಗದದಲ್ಲಿದೆ ಎಂದುಕೋ. ಅದು ಟ್ಯಾಂಕ್ ಖಾಲಿಯಿರುವಾಗಿನ ತೂಕ. ಒಂದು ಗ್ಯಾಲನ್ ಪೆಟ್ರೋಲು ಸುಮಾರು 6 ಪೌಂಡ್ ತೂಗುತ್ತದೆ, 35 ಗ್ಯಾಲನ್ ತುಂಬಿಸಿದರೆ 210 ಆಯಿತು. ಲಂಗರು, ಬ್ಯಾಟರಿ, ಲೈಫ್ ಜಾಕೆಟ್‌ಗಳು, ಐಸ್ ತುಂಬಿದ ಪೆಟ್ಟಿಗೆ, ಮಕ್ಕಳ ಟ್ಯೂಬು ಎಲ್ಲ ಸೇರಿ 300 ದಾಟುವುದು ಕಷ್ಟವಲ್ಲ. ಟ್ರೈಲರಿನದೇ 900. ಒಟ್ಟು 4,300 ಪೌಂಡ್, ಹೆಚ್ಚುಕಡಿಮೆ ಎರಡು ಟನ್. ಇದನ್ನು 3,500 ಪೌಂಡ್ ಮಿತಿಯ ಕಾರಿಗೆ ಕಟ್ಟಿದರೂ ಕಾರು ಹೊರಡುತ್ತದೆ. ಹೊರಟಿತು ಎನ್ನುವುದನ್ನೇ ಪ್ರಮಾಣ ಎಂದುಕೊಂಡು ಮೋಸ ಹೋಗಬೇಡ. ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಸಾಮಾನೆಲ್ಲ ತುಂಬಿ, ಟ್ಯಾಂಕ್ ತುಂಬಿಸಿ, ಅದರ ಮೇಲೆ ಹತ್ತಿಸಿ ತೂಗಿಸು. ಕಾಗದದ ಲೆಕ್ಕಕ್ಕಿಂತ ಅಲ್ಲಿ ಕೊಡುವ ಚೀಟಿಯನ್ನು ನಂಬು.

ಇನ್ನು ಮಿತಿ ಎಂದರೆ ಕಾರಿನದೊಂದೇ ಅಲ್ಲ. ಕಾರಿಗೊಂದು, ಅದರ ಹಿಂದೆ ಟ್ರೈಲರ್ ಕಟ್ಟುವ ಹಿಚ್‌ಗೊಂದು, ಹಿಚ್ಚಿನ ಗುಂಡಾದ ಬಾಲಿಗೊಂದು, ಅದರ ಮೇಲೆ ಕೂರುವ ಟ್ರೈಲರಿನ ಕಪ್ಲರಿಗೊಂದು, ಟೈರಿಗೊಂದು ಮಿತಿ ಇರುತ್ತದೆ, ಎಲ್ಲವೂ ಆಯಾ ವಸ್ತುವಿನ ಮೇಲೇ ಬರೆದಿರುತ್ತದೆ. ಅವುಗಳಲ್ಲಿ ಯಾವುದು ಕಡಿಮೆಯೋ ಅದೇ ನಿನ್ನ ಮಿತಿ. 5,000 ಪೌಂಡ್ ಎಳೆಯುವ ಕಾರಿಗೆ 3,500ರ ಹಿಚ್ ಹಾಕಿಸಿದರೆ ಕಾರಿನ ಸಾಮರ್ಥ್ಯವೂ 3,500 ಆಯಿತು.

ಬಾಲಿನ ಗಾತ್ರವನ್ನು ನೀನೇ ಬಗ್ಗಿ ನೋಡಬೇಕು. ಇಲ್ಲಿ ಬಳಕೆಯಲ್ಲಿರುವುದು 1 7/8 ಇಂಚು, 2 ಇಂಚು, 2 5/16 ಇಂಚು. 2 ಇಂಚಿನ ಕಪ್ಲರು 1 7/8ರ ಬಾಲಿನ ಮೇಲೂ ಕೂರುತ್ತದೆ, ಚಿಲಕವೂ ಬೀಳುತ್ತದೆ, ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಯಾವುದೋ ಹಳ್ಳದಲ್ಲಿ ಎಗರಿದಾಗ ಕಳಚಿಕೊಳ್ಳುತ್ತದೆ. ಆದ್ದರಿಂದ ಬಾಲಿನ ತಲೆಯ ಮೇಲೆ ಕೆತ್ತಿರುವ ಅಂಕಿ, ಕಪ್ಲರಿನ ಮೇಲೆ ಒತ್ತಿರುವ ಅಂಕಿ ಎರಡನ್ನೂ ಓದಿ ಹೊಂದಿಸು. ಕಪ್ಲರ್ ಇಳಿಸಿ, ಚಿಲಕ ಹಾಕಿ, ಪಿನ್ ತೂರಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಬಹಳಷ್ಟು ಜನ ಅದನ್ನು ಮಾಡುವುದಿಲ್ಲ. ಟ್ರೈಲರಿನ ಮೂತಿಯ ಜಾಕನ್ನು ಮತ್ತೆ ಮೇಲಕ್ಕೆ ತಿರುಗಿಸು. ಕಾರಿನ ಹಿಂಭಾಗ ಅದರ ಜೊತೆ ಎರಡು ಇಂಚು ಎದ್ದಿತೋ, ಹಿಡಿತ ಸರಿಯಾಗಿದೆ. ಕಪ್ಲರ್ ಒಂದೇ ಎದ್ದು ಬಂದರೆ, ಅದು ಬಾಲಿನ ಮೇಲೆ ಸುಮ್ಮನೆ ಕೂತಿತ್ತು ಎಂದರ್ಥ. ಆಮೇಲೆ ಜಾಕನ್ನು ಪೂರ್ತಿ ಮಡಚಿಡು.

ಟ್ರೈಲರಿನ ಸರಪಳಿ ಎರಡನ್ನೂ ಕಪ್ಲರಿನ ಅಡಿಯಲ್ಲಿ ಕತ್ತರಿ ಹಾಕಿ ಕಾರಿಗೆ ಸಿಕ್ಕಿಸು. ಹಿಡಿತ ತಪ್ಪಿದರೂ ಮೂತಿ ನೆಲಕ್ಕೆ ಕುಟ್ಟದೆ ಆ ಸರಪಳಿಗಳ ಮೇಲೆ ಬೀಳುತ್ತದೆ. ತಿರುವಿಗೆ ಸಾಕಾಗುವಷ್ಟು ಸಡಿಲವಿರಲಿ, ರಸ್ತೆಗೆ ಉಜ್ಜುವಷ್ಟು ಬೇಡ. ದೋಣಿಯ ಮೂತಿಗೆ ವಿಂಚಿನ ಪಟ್ಟಿಯ ಜೊತೆ ಬೇರೆ ಸರಪಳಿ, ಹಿಂಭಾಗಕ್ಕೆ ಎರಡು ಸ್ಟ್ರ್ಯಾಪ್. ವಿಂಚ್ ಇರುವುದು ದೋಣಿಯನ್ನು ಟ್ರೈಲರಿಗೆ ಹತ್ತಿಸಲಿಕ್ಕೆ. ಅದೊಂದನ್ನೇ ನಂಬಿ ಹೆದ್ದಾರಿಗೆ ಹೋಗುವವರನ್ನು ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತದೆ.

ಭಾರ ಎಲ್ಲಿ ಕೂತಿದೆ ಎನ್ನುವುದು ಎಷ್ಟು ಭಾರ ಎನ್ನುವಷ್ಟೇ ಮುಖ್ಯ. ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಹಿಚ್‌ನ ಮೇಲೆ ಬೀಳಬೇಕು. ಸಾಮಾನ್ಯ ಟ್ರೈಲರುಗಳಿಗೆ 10ರಿಂದ 15 ಪ್ರತಿಶತ ಎನ್ನುತ್ತಾರೆ, ದೋಣಿಯದಕ್ಕೆ ಕೆಲವು ತಯಾರಕರು ತುಸು ಕಡಿಮೆ ಹೇಳುತ್ತಾರೆ. ನಿನ್ನ ಟ್ರೈಲರಿನ ಪುಸ್ತಕ ನೋಡು. ದೋಣಿಯ ಇಂಜಿನ್ ಇರುವುದೇ ಹಿಂದೆ, ಪೆಟ್ರೋಲ್ ಟ್ಯಾಂಕೂ ಬಹುಪಾಲು ಅತ್ತಲೇ. ಅದರ ಮೇಲೆ ಐಸ್ ಪೆಟ್ಟಿಗೆಯನ್ನೂ ಹಿಂದೆಯೇ ಇಟ್ಟೆಯೋ, ಭಾರ ಚಕ್ರದ ಅಚ್ಚಿನ ಹಿಂದಕ್ಕೆ ಜಾರಿ ಟ್ರೈಲರು ಬಾಲ ಬೀಸಲು ಶುರು ಮಾಡುತ್ತದೆ. ಮುಂದೆ ಅತಿಯಾದರೂ ತೊಂದರೆ: ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ಸ್ಟಿಯರಿಂಗೂ ಬ್ರೇಕೂ ಎರಡೂ ಮಂಕಾಗುತ್ತವೆ. ವಿಂಚ್ ಕಂಬವನ್ನು ಹಿಂದೆಮುಂದೆ ಸರಿಸಿ ಇದನ್ನು ಸರಿಮಾಡಬಹುದು.

ಬಾಲ ಬೀಸಿದಾಗ ಏನು ಮಾಡಬೇಕು ಎಂಬುದನ್ನು ಈಗಲೇ ಮನಸ್ಸಿನಲ್ಲಿ ಕೂರಿಸಿಕೋ, ಆ ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಆಕ್ಸಿಲರೇಟರಿನಿಂದ ಪಾದ ತೆಗೆ. ಸ್ಟಿಯರಿಂಗ್ ನೇರವಾಗಿ ಗಟ್ಟಿ ಹಿಡಿ. ಬ್ರೇಕ್ ತುಳಿಯಬೇಡ, ಓಲಾಟಕ್ಕೆ ಎದುರಾಗಿ ತಿರುಗಿಸಲೂ ಹೋಗಬೇಡ. ವೇಗ ತಾನಾಗಿ ಇಳಿದಂತೆ ಓಲಾಟ ನಿಲ್ಲುತ್ತದೆ. ಆಮೇಲೆ ಬದಿಗೆ ನಿಲ್ಲಿಸಿ ಸಾಮಾನು ಮುಂದಕ್ಕೆ ಸರಿಸು.

ಈಗ ನನ್ನ ಕಸುಬಿಗೆ ಬರುತ್ತೇನೆ. 3,000 ಪೌಂಡ್ ದಾಟಿದ ಟ್ರೈಲರಿಗೆ ಅದರದೇ ಬ್ರೇಕ್ ಇರಬೇಕು ಎಂದು ಅಮೆರಿಕದ ಅನೇಕ ರಾಜ್ಯಗಳ ಕಾನೂನು ಹೇಳುತ್ತದೆ. ಕಾನೂನು ಕೇಳಲಿ ಬಿಡಲಿ, ನೀನು ಬ್ರೇಕ್ ಇಲ್ಲದ ಟ್ರೈಲರಿಗೆ ಎರಡು ಟನ್ ಹೇರಬೇಡ. ದೋಣಿ ಟ್ರೈಲರುಗಳಲ್ಲಿ ಹೆಚ್ಚಾಗಿ ಇರುವುದು ಸರ್ಜ್ ಬ್ರೇಕ್. ಕಾರು ನಿಧಾನವಾದೊಡನೆ ಹಿಂದಿನ ಟ್ರೈಲರು ಮುಂದಕ್ಕೆ ನುಗ್ಗುತ್ತದಲ್ಲ, ಆ ನೂಕಿನಿಂದಲೇ ಕಪ್ಲರಿನೊಳಗಿನ ಸಿಲಿಂಡರ್ ಒತ್ತಿ ಟ್ರೈಲರಿನ ಚಕ್ರಗಳಿಗೆ ಬ್ರೇಕ್ ಬೀಳುತ್ತದೆ. ಬಹಳ ಜಾಣತನದ ಏರ್ಪಾಡು, ನೀರಿನಲ್ಲಿ ಮುಳುಗಿ ಏಳುವ ಟ್ರೈಲರಿಗೆ ಹೇಳಿ ಮಾಡಿಸಿದ್ದು. ರಿವರ್ಸ್ ಹೋಗುವಾಗ ಮಾತ್ರ ಅದೇ ನೂಕು ಬ್ರೇಕನ್ನು ಹಿಡಿಸಿಬಿಡುತ್ತದೆ. ಅದನ್ನು ತಡೆಯಲೆಂದೇ ವಯರಿಂಗಿನಲ್ಲಿ ಐದನೆಯ ಪಿನ್ ಇರುತ್ತದೆ, ರಿವರ್ಸ್ ಲೈಟಿನ ಜೊತೆ ಕೆಲಸ ಮಾಡುವುದು ಅದು. ನಿನ್ನ ಕಾರಿನಲ್ಲಿ ನಾಲ್ಕೇ ಪಿನ್ ಇದ್ದರೆ ಐದರದು ಹಾಕಿಸಿಕೋ. ಸಣ್ಣ ಬ್ರೇಕ್‌ಅವೇ ತಂತಿಯೊಂದು ನೇತಾಡುತ್ತಿರುತ್ತದೆ, ಅದನ್ನು ಕಾರಿಗೆ ಸಿಕ್ಕಿಸಲು ಮರೆಯಬೇಡ. ಟ್ರೈಲರು ಕಳಚಿಕೊಂಡರೆ ಅದಕ್ಕೆ ಬ್ರೇಕ್ ಹಾಕುವುದು ಆ ತಂತಿ.

ಬೇರಿಂಗ್ ವಿಷಯ ತುಸು ವಿವರವಾಗಿ ಹೇಳಲೇಬೇಕು. ಐ-75 ಹೆದ್ದಾರಿಯಲ್ಲಿ ಪ್ರತಿ ಬೇಸಿಗೆಯೂ ಒಂದು ಚಕ್ರ ಕಳಚಿ ಬದಿಗೆ ವಾಲಿ ನಿಂತ ದೋಣಿಗಳನ್ನು ನೋಡುತ್ತೇನೆ, ಹೆಚ್ಚಿನವುಗಳ ಕಥೆ ಇದೇ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿ ಬಿಸಿಯಾದ ಚಕ್ರದ ಹಬ್ ನೇರವಾಗಿ ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರು ಸೇರಿದ ಗ್ರೀಸ್ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಚಳಿಗಾಲವಿಡೀ ಹಾಗೇ ನಿಂತು, ಮೇ ತಿಂಗಳ ಮೊದಲ ಪಯಣದಲ್ಲಿ ಕೈಕೊಡುತ್ತದೆ. ವರ್ಷಕ್ಕೊಮ್ಮೆ, ಋತು ಶುರುವಾಗುವ ಮೊದಲು, ಹಳೆ ಗ್ರೀಸ್ ತೊಳೆದು ಹೊಸದು ತುಂಬಿಸು. ಚಕ್ರವನ್ನು ಜಾಕಿನ ಮೇಲೆ ಎತ್ತಿ ತಿರುಗಿಸಿ ಕಿವಿಗೊಟ್ಟು ಕೇಳು, ಕರಕರ ಸದ್ದು ಇರಬಾರದು. ಮೇಲೂ ಕೆಳಗೂ ಹಿಡಿದು ಅಲುಗಿಸು, ಆಟ ಇರಬಾರದು. ದಾರಿಯಲ್ಲಿ ಮೊದಲ ಹತ್ತು ಹದಿನೈದು ಮೈಲಿ ಆದ ಮೇಲೆ ನಿಲ್ಲಿಸಿ, ಅಂಗೈಯ ಹಿಂಭಾಗವನ್ನು ಪ್ರತಿ ಹಬ್ಬಿನ ಹತ್ತಿರ ತಂದು ನೋಡು. ಬೆಚ್ಚಗಿದ್ದರೆ ಸರಿ. ಒಂದು ಬದಿ ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಮುಂದೆ ಹೋಗಬೇಡ. ದೋಣಿ ನೀರಿಗಿಳಿಸುವ ರ‍್ಯಾಂಪಿಗೆ ತಲುಪಿದ ಮೇಲೂ ಹಬ್ ತಣಿಯಲು ಸ್ವಲ್ಪ ಹೊತ್ತು ಬಿಡು, ಅಷ್ಟರಲ್ಲಿ ಸಾಮಾನು ಜೋಡಿಸಬಹುದು.

ಟೈರಿನ ಮೇಲೆ ಎಸ್‌ಟಿ ಎಂದು ಬರೆದಿರಬೇಕು, ಟ್ರೈಲರಿಗೆಂದೇ ಮಾಡಿದ ಟೈರು ಅದು. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ದೋಣಿ ಟ್ರೈಲರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ, ಪಟ್ಟಿ ಚೆನ್ನಾಗಿದೆ ಎಂದು ನಂಬಿ ಕೂರಬೇಡ. ಸ್ಟೆಪ್ನಿ ಬೇರೆ ಕೊಳ್ಳಬೇಕು, ಎಷ್ಟೋ ಟ್ರೈಲರುಗಳ ಜೊತೆ ಅದು ಬರುವುದೇ ಇಲ್ಲ. ನಿನ್ನ ಕಾರಿನ ಜಾಕೂ ಪಾನವೂ ಟ್ರೈಲರಿಗೆ ಹೊಂದುತ್ತವೆಯೇ ಎಂದು ಮನೆಯಲ್ಲೇ ನೋಡಿಕೋ.

ವೇಗದ ಬಗ್ಗೆ ಚರ್ಚೆಯೇ ಬೇಡ. 55 ಮೈಲಿಯಿಂದ 70ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ; ಇಂಜಿನಿಯರ್ ನೀನು, ವರ್ಗದ ಲೆಕ್ಕ ಗೊತ್ತು. ಅನೇಕ ಟ್ರೈಲರ್ ಟೈರುಗಳ ಮಿತಿ 65 ಮೈಲಿ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಎಳೆಯುವವರಿಗೆ 55 ದಾಟುವಂತಿಲ್ಲ. ಜುಲೈ ನಾಲ್ಕರ ವಾರಾಂತ್ಯದಲ್ಲಿ ಹೌಟನ್ ಲೇಕ್ ಕಡೆಗೆ ಹೋಗುವ ದಟ್ಟಣೆಯಲ್ಲಿ ನಿನ್ನ ಮುಂದೆ ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ. ನುಗ್ಗಲಿ. ಮತ್ತೆ ಜಾಗ ಬಿಡು. ದೋಣಿಯೊಳಗೆ ಯಾರನ್ನೂ ಕೂರಿಸಬೇಡ, ಅರ್ಧ ಮೈಲಿಗೂ ಬೇಡ, ಮಕ್ಕಳು ಎಷ್ಟೇ ಹಟ ಮಾಡಲಿ.

ರ‍್ಯಾಂಪಿನಲ್ಲಿ ನಿಂತು ತಯಾರಿ ಮಾಡಿಕೊಂಡರೆ ಹಿಂದಿನವರೆಲ್ಲ ಕಾಯಬೇಕಾಗುತ್ತದೆ. ಡ್ರೇನ್ ಪ್ಲಗ್ ಹಾಕುವುದು, ಹಿಂದಿನ ಸ್ಟ್ರ್ಯಾಪ್ ಬಿಚ್ಚುವುದು, ಲೈಟಿನ ವಯರು ಕಳಚುವುದು ಎಲ್ಲ ಮೇಲಿನ ಜಾಗದಲ್ಲೇ ಮುಗಿಯಲಿ. ವಿಂಚಿನ ಪಟ್ಟಿ ಮಾತ್ರ ದೋಣಿ ನೀರಿಗೆ ಮುಟ್ಟುವವರೆಗೆ ಬಿಚ್ಚಬೇಡ. ಆ ಇಳಿಜಾರಿನಲ್ಲಿ ಪಾಚಿ ಇರುತ್ತದೆ, ಕಾರಿನೊಳಗೆ ಮಕ್ಕಳಾಗಲಿ, ಟ್ರೈಲರಿನ ಹಿಂದೆ ಯಾರಾಗಲಿ ಇರಕೂಡದು. ವಾಪಸು ಬರುವಾಗ ಪ್ಲಗ್ ತೆಗೆದು, ಒಳಗಿನ ನೀರೆಲ್ಲ ಸುರಿಸಿ, ಅಂಟಿದ ಜೊಂಡು ಕಿತ್ತು ಹೊರಡಬೇಕು. 2019ರ ಮಾರ್ಚ್‌ನಿಂದ ಮಿಶಿಗನ್ನಿನಲ್ಲಿ ಇದು ಕಾನೂನು. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡ ಝೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ, ಹೀಗೆ ದೋಣಿಗಳಿಗೆ ಅಂಟಿಕೊಂಡೂ ಕೆರೆಯಿಂದ ಕೆರೆಗೆ ಹಬ್ಬಿತು. ನೀರನ್ನು ನಂಬಿ ಬದುಕಿದ ಊರಿನವರು ನಾವು, ಇಷ್ಟು ಮಾಡದಿದ್ದರೆ ಹೇಗೆ?

ರಿವರ್ಸ್ ತೆಗೆಯುವುದನ್ನು ಬರೆದು ಕಲಿಸಲಾಗದು. ಒಂದೇ ಗುಟ್ಟು: ಕೈಯನ್ನು ಸ್ಟಿಯರಿಂಗಿನ ತಳದಲ್ಲಿಟ್ಟುಕೋ, ಟ್ರೈಲರು ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸು. ಉಳಿದದ್ದು ಅಭ್ಯಾಸ. ಬರುವ ಭಾನುವಾರ ಬೆಳಿಗ್ಗೆ ನಿಮ್ಮ ಆಫೀಸಿನ ಪಾರ್ಕಿಂಗ್ ಖಾಲಿ ಇರುತ್ತದಲ್ಲ, ನಾನೇ ಬರುತ್ತೇನೆ. ಅಲ್ಲಿಯವರೆಗೆ ದೋಣಿ ನಿನ್ನ ಅಂಗಳ ಬಿಟ್ಟು ಹೊರಡದಿರಲಿ.