ಕರೆಂಟಿನ ದರ ಏರಿದಾಗ ಬಿಲ್ಲು ಓದುವ ಬಗೆ



2025ರ ಬೇಸಿಗೆಯಲ್ಲಿ ಕೊಟ್ಟೂರು ಕಡೆಯ ಒಂದು ಹಳ್ಳಿಯಲ್ಲಿ ಹಿರಿಯ ರೈತರೊಬ್ಬರು ಎರಡು ಬಿಲ್ಲುಗಳನ್ನು ನನ್ನ ಮುಂದಿಟ್ಟು ಕೇಳಿದರು: "ಯೂನಿಟ್ಟಿಗೆ ಹತ್ತು ಪೈಸೆ ಇಳಿಸ್ಯಾರ ಅಂತಾರ. ನಾವು ಉರಿಸಿದ್ದೂ ಅಷ್ಟ. ಬಿಲ್ಲು ಯಾಕ ಏರೈತ್ರೀ?" ಈ ಪ್ರಶ್ನೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಅನೇಕರದು. ಆದ್ದರಿಂದ ಈ ಪಾಠ.

ದರ ಗೊತ್ತುಮಾಡುವವರು ಯಾರು?

ಲೈನ್‌ಮನ್ನರೂ ಅಲ್ಲ, ಬಿಲ್ಲು ಕೊಡುವ ಹುಡುಗನೂ ಅಲ್ಲ. 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ಗೊತ್ತುಮಾಡುತ್ತದೆ. ಕಂಪನಿಯು ತನ್ನ ಖರ್ಚಿನ ಲೆಕ್ಕದೊಡನೆ ಅರ್ಜಿ ಹಾಕಬೇಕು. ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಆಯೋಗವು ಜನರ ಆಕ್ಷೇಪಣೆ ಕೇಳಿದ ಮೇಲೆಯೇ ಆಜ್ಞೆ ಹೊರಡಿಸುತ್ತದೆ. ಇದು 2003ರ ವಿದ್ಯುಚ್ಛಕ್ತಿ ಕಾಯಿದೆಯ ನಿಯಮ.

ಲೆಕ್ಕ ಹೀಗಿದೆ

ಬಿಲ್ಲಿನಲ್ಲಿ ಎರಡು ಮುಖ್ಯ ಭಾಗಗಳಿವೆ. ಒಂದು, ಉರಿಸಿದ ಯೂನಿಟ್ಟಿನ ಹಣ. ಇನ್ನೊಂದು, ನಿಗದಿತ ಶುಲ್ಕ. ಇದು ಮಂಜೂರಾದ ಕಿಲೋವ್ಯಾಟಿನ ಮೇಲೆ ಬೀಳುತ್ತದೆ; ದೀಪ ಹಚ್ಚದಿದ್ದರೂ ತಪ್ಪದು.

2025ರ ಏಪ್ರಿಲ್ 1ರಿಂದ ಮನೆಬಳಕೆಯ ಯೂನಿಟ್ ದರವು 5 ರೂ. 90 ಪೈಸೆಯಿಂದ 5 ರೂ. 80 ಪೈಸೆಗೆ ಇಳಿಯಿತು. ಆದರೆ ಕಿಲೋವ್ಯಾಟಿನ ನಿಗದಿತ ಶುಲ್ಕ 120 ರೂ.ನಿಂದ 145 ರೂ.ಗೆ ಏರಿತು. ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿ ಬಾಬಿಗೆಂದು ಯೂನಿಟ್ಟಿಗೆ 36 ಪೈಸೆಯೂ ಸೇರಿತು.

ಗೃಹಜ್ಯೋತಿ ಇಲ್ಲದ, 2 ಕಿಲೋವ್ಯಾಟ್ ಮಂಜೂರಾದ ಒಂದು ಮನೆ ತಿಂಗಳಿಗೆ 60 ಯೂನಿಟ್ ಉರಿಸುತ್ತದೆ ಎನ್ನೋಣ. ತೆರಿಗೆ, ರಿಯಾಯಿತಿ, ಇಂಧನ ಹೊಂದಾಣಿಕೆಗಳನ್ನು ಬದಿಗಿಡೋಣ.

ಹಿಂದೆ: 240 + 354 = 594 ರೂ.
ಅನಂತರ: 290 + 348 + 21.60 = 659 ರೂ. 60 ಪೈಸೆ.

ದರ ಇಳಿದರೂ ಬಿಲ್ಲು 65 ರೂ. 60 ಪೈಸೆ ಏರಿತು. ಹಿರಿಯರ ಪ್ರಶ್ನೆಗೆ ಉತ್ತರ ಇದೇ. ದುಡಿಯಲು ಊರು ಬಿಟ್ಟು ಹೋದವರ ಬೀಗ ಹಾಕಿದ ಮನೆಗೂ, ಗೃಹಜ್ಯೋತಿ ಇಲ್ಲದಿದ್ದರೆ, ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ.

ಪಂಪ್‌ಸೆಟ್ಟಿನ ಮಾತು

10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ರೈತರು ಹಣ ಕಟ್ಟಬೇಕಾಗಿಲ್ಲ. ಹಾಗೆಂದು ಆ ಕರೆಂಟಿಗೆ ಬೆಲೆಯೇ ಇಲ್ಲವೆಂದಲ್ಲ. ಅದಕ್ಕೂ ಆಯೋಗ ದರ ಕಟ್ಟುತ್ತದೆ. ಸರಕಾರ ನಮ್ಮ ಪರವಾಗಿ ಕಂಪನಿಗೆ ಹಣ ಕೊಡುತ್ತದೆ. 10 ಅಶ್ವಶಕ್ತಿ ಮೀರಿದವರಿಗೆ ಮಾತ್ರ ದರದ ಏರಿಕೆ ನೇರವಾಗಿ ತಟ್ಟುತ್ತದೆ.

ನಾವು ಮಾಡತಕ್ಕದ್ದು

1. ಬಿಲ್ಲಿನಲ್ಲಿ ಆರ್.ಆರ್. ನಂಬರು, ಮಂಜೂರಾದ ಕಿಲೋವ್ಯಾಟ್, ಮೀಟರಿನ ಹಿಂದಿನ ಮತ್ತು ಇಂದಿನ ಅಂಕಿಗಳನ್ನು ನೋಡಿರಿ.

2. ಮನೆಯ ದೀಪ, ಫ್ಯಾನು, ಮಿಕ್ಸಿಗಳ ಭಾರ ಲೆಕ್ಕ ಹಾಕಿರಿ. 1 ಕಿಲೋವ್ಯಾಟ್ ಸಾಕಾದರೆ ಮಂಜೂರಾತಿ ಇಳಿಸಲು ಅರ್ಜಿ ಕೊಡಿರಿ. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 145 ರೂ. ಉಳಿಯುತ್ತದೆ.

3. ಬಿಲ್ಲಿನ ಬಗ್ಗೆ ತಕರಾರಿದ್ದರೆ ಸುಮ್ಮನೆ ಕಟ್ಟದೆ ಕೂರಬೇಡಿರಿ. ಬರಹದಲ್ಲಿ ದೂರು ಕೊಟ್ಟು, ತಕರಾರಿನೊಡನೆ ಹಣ ಕಟ್ಟಿ ರಸೀದಿ ಪಡೆಯಿರಿ. ಬಾಕಿಗಾಗಿ ಕರೆಂಟು ಕಡಿಯುವ ಮೊದಲು 15 ದಿನಗಳ ಲಿಖಿತ ನೋಟೀಸು ಕೊಡಬೇಕೆಂದು ಕಾಯಿದೆ ಹೇಳುತ್ತದೆ.

4. ದರದ ಅರ್ಜಿ ಪ್ರಕಟವಾದಾಗ ಊರವರೆಲ್ಲ ಸೇರಿ ಗಡುವಿನೊಳಗೆ ಆಕ್ಷೇಪಣೆ ಕಳುಹಿಸಿರಿ. "ದರ ಏರಿಸಬೇಡಿ" ಎಂದಷ್ಟೇ ಬರೆದರೆ ಸಾಲದು. ಸುಟ್ಟ ಟ್ರಾನ್ಸ್‌ಫಾರ್ಮರ್ ಎಷ್ಟು ದಿನಕ್ಕೆ ಬದಲಾಯಿತು, ತ್ರೀಫೇಸ್ ಕರೆಂಟು ದಿನಕ್ಕೆಷ್ಟು ತಾಸು ಬಂತು, ತಾರೀಖು ಸಹಿತ ಬರೆಯಿರಿ. ಯಾವ ಕಂಪನಿಯ ಅರ್ಜಿ ಎಂಬುದಕ್ಕೆ ಬಿಲ್ಲಿನ ತಲೆಯ ಮೇಲಿನ ಹೆಸರು ನೋಡಿರಿ. ಎಲ್ಲ ತಾಲ್ಲೂಕಿಗೂ ಒಂದೇ ಕಂಪನಿ ಎಂದು ತಿಳಿಯಬೇಡಿರಿ.

ಆಜ್ಞೆ ಹೊರಟ ಮೇಲೆ ಕಟ್ಟೆಯ ಮೇಲೆ ಕೂತು ಗೊಣಗುವುದಕ್ಕಿಂತ, ಮೊದಲೇ ಬರೆದ ಒಂದು ಕಾಗದ ಮೇಲು. ಗ್ರಾಮಸೇವಕ ನಿಮ್ಮೂರಿಗೆ ಬಂದಾಗ ನಿಮ್ಮ ಬಿಲ್ಲು ತನ್ನಿರಿ, ಕೂತು ಓದೋಣ.