ಆರೋಗ್ಯ ಪ್ರಶ್ನೋತ್ತರ: ನರ್ಸಮ್ಮನ ಕಾಲು ನೋಡುವವರು ಯಾರು?

ಪ್ರಶ್ನೆ: ಶಿಕಾರಿಪುರದಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ, ವಯಸ್ಸು 43. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗುತ್ತದೆ. ಸ್ವಲ್ಪ ನಡೆದರೆ ತಗ್ಗುತ್ತದೆ, ಡ್ಯೂಟಿ ಮುಗಿಯುವ ಹೊತ್ತಿಗೆ ಮತ್ತೆ ನೋವು. ಎಕ್ಸ್-ರೇಯಲ್ಲಿ ಮೂಳೆ ಬೆಳೆದಿದೆಯಂತೆ. ಆಪರೇಷನ್ ಬೇಕೆ?

ಉತ್ತರ: ಬೇಕಾಗಲಾರದು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿಯಿದೆ. ಗಂಟೆಗಟ್ಟಲೆ ಗಟ್ಟಿ ನೆಲದ ಮೇಲೆ ನಿಂತವರಲ್ಲಿ ಅದು ಹಿಮ್ಮಡಿಯ ಹತ್ತಿರ ನೋಯತೊಡಗುತ್ತದೆ. ಪ್ಲಾಂಟರ್ ಫೇಶಿಯೈಟಿಸ್ ಎಂದು ನೀವೇ ಓದಿದ್ದೀರಿ. ಎಕ್ಸ್-ರೇಯಲ್ಲಿ ಕಂಡ ಮುಳ್ಳು ನೋವಿಲ್ಲದ ಎಷ್ಟೋ ಜನರಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ.

ನಾಳೆ ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲೇ ಹಾಸಿಗೆಯ ಅಂಚಿನಲ್ಲಿ ಕುಳಿತು ನೋಯುವ ಪಾದವನ್ನು ಇನ್ನೊಂದು ಮೊಣಕಾಲಿನ ಮೇಲಿಡಿ. ಐದೂ ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲು ಮುಟ್ಟಿದರೆ ಆ ಪಟ್ಟಿ ಬಿಗಿದು ನಿಂತದ್ದು ಗೊತ್ತಾಗುತ್ತದೆ. ಹತ್ತು ಎಣಿಸಿ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೀನಖಂಡ ಹಿಗ್ಗಿಸುವ ವ್ಯಾಯಾಮವೂ ಇರಲಿ. ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು, ಹದಿನೈದು ದಿನಕ್ಕೆ ಕೈಬಿಡಬೇಡಿ. ತೆಳ್ಳನೆಯ ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿಯಿರುವ, ಮೆತ್ತನೆಯ ಅಟ್ಟೆಯ ಪಾದರಕ್ಷೆ ಹಾಕಿ. ಕೊಳ್ಳುವುದಾದರೆ ಸಂಜೆ ಕೊಳ್ಳಿ, ಕಾಲು ಊದಿರುವ ಹೊತ್ತಿನ ಅಳತೆಯೇ ನಿಮ್ಮ ಡ್ಯೂಟಿಯ ಅಳತೆ.

ಪ್ರಶ್ನೆ: ನಾನು ವಾರ್ಡ್ ಇನ್‌ಚಾರ್ಜ್. ತರಬೇತಿಗಳೆಲ್ಲ ಈಗ ಮೊಬೈಲಿನಲ್ಲೇ ಬರುತ್ತವೆ. ನಮ್ಮ ಸಿಬ್ಬಂದಿಗೆ ಪಾದದ ಆರೈಕೆಯನ್ನೂ ಹಾಗೆಯೇ ಕಲಿಸಬಹುದೆ? ವಿಡಿಯೊ ನೋಡಿ ಯಾರಾದರೂ ಬದಲಾಗುತ್ತಾರೆಯೆ?

ಉತ್ತರ: ಖಂಡಿತ ಕಲಿಸಿ. ಬೆಂಗಳೂರಿನ ನಿಮ್ಹಾನ್ಸ್ ತನ್ನ ಡಿಜಿಟಲ್ ಅಕಾಡೆಮಿಯ ಮೂಲಕ ದೂರದ ನರ್ಸ್‌ಗಳಿಗೂ ಮಾನಸಿಕ ಆರೋಗ್ಯದ ಪಾಠ ಹೇಳುತ್ತಿದೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದವರು ದಾದಿಯರ ಪಾದವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿದ್ದಾರೆ. ಆದರೆ ಒಂದು ಮಾತು. ನಿಮ್ಮವರಿಗೆ ತಿಳಿವಳಿಕೆಯ ಕೊರತೆಯಿಲ್ಲ. ಸಕ್ಕರೆ ಕಾಯಿಲೆಯವರಿಗೆ "ದಿನಾ ಕಾಲು ನೋಡ್ಕೊಳ್ಳಿ" ಎಂದು ಹೇಳುವವರು ಅವರೇ. ತಮ್ಮ ಕಾಲು ನೋಡಿಕೊಳ್ಳಲು ಅವರಿಗೆ ಕುಳಿತುಕೊಳ್ಳುವ ಹೊತ್ತಿಲ್ಲ, ಅಷ್ಟೆ.

ಹಾಗಾಗಿ ಪಾಠ ಮೂರು ನಾಲ್ಕು ನಿಮಿಷ ಮೀರದಿರಲಿ. ನಮ್ಮ ಆಡುಮಾತಿನ ಕನ್ನಡದಲ್ಲಿರಲಿ. ಒಂದು ವಿಡಿಯೊದಲ್ಲಿ ಒಂದೇ ಕೆಲಸ: ಇವತ್ತು ಬೆರಳ ಸಂದು ನೋಡುವುದು, ಮುಂದಿನ ವಾರ ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸುವುದು, ಆಮೇಲೆ ಒಡೆದ ಹಿಮ್ಮಡಿಗೆ ಬ್ಲೇಡ್ ತಾಗಿಸದೆ ಯೂರಿಯಾ ಕ್ರೀಮ್ ಹಚ್ಚುವುದು. ನೋಡುವವರು ಚಪ್ಪಲಿ ಬಿಚ್ಚಿ ಪಾದವನ್ನು ತೊಡೆಯ ಮೇಲಿಟ್ಟುಕೊಂಡೇ ನೋಡಬೇಕು. ಔಷಧದ ಟ್ರೇ ಜೋಡಿಸುತ್ತಾ ಓಡಿಸಿಬಿಟ್ಟ ವಿಡಿಯೊದಿಂದ ಏನೂ ಬದಲಾಗುವುದಿಲ್ಲ. ತಮ್ಮ ಹಿಮ್ಮಡಿಯ ಫೋಟೊ ತೆಗೆದಿಟ್ಟುಕೊಂಡು ತಿಂಗಳ ನಂತರ ಹೋಲಿಸಲಿ. ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಮೊದಲೇ ಡೌನ್‌ಲೋಡ್ ಮಾಡಿಸಿ.

ಮುಖ್ಯವಾದದ್ದು: ಇದನ್ನು ಡ್ಯೂಟಿಯ ಸಮಯದಲ್ಲೇ ಮಾಡಿಸಿ, ಮನೆಗೆಲಸದ ಮೇಲೆ ಇನ್ನೊಂದು ಹೊರೆಯಾಗುವುದು ಬೇಡ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ 1162ರ ಶಾಸನ ಅಲ್ಲಿನ ಕೋಡಿಯ ಮಠವನ್ನು ದಿಕ್ಕಿಲ್ಲದ ರೋಗಿಗಳಿಗೂ ಔಷಧೋಪಚಾರ ಸಿಗುವ ತಾಣವೆಂದು ಕೊಂಡಾಡುತ್ತದೆ. ರೋಗಿಯ ಆರೈಕೆಗೆ ಇಷ್ಟು ಹಳೆಯ ಮರ್ಯಾದೆಯಿರುವ ನೆಲದಲ್ಲಿ ಆರೈಕೆ ಮಾಡುವವರ ಕಾಲಿಗಾಗಿ ಐದು ನಿಮಿಷ ಕೇಳುವುದು ದುಬಾರಿ ಬೇಡಿಕೆಯಲ್ಲ. ಫೋನು ಕೊಡಲಾಗದ ಕೆಲವನ್ನು ನೀವೇ ಕೊಡಿಸಬೇಕು: ದಾಖಲೆ ಬರೆಯುವಾಗ ಕೂರಲು ಒಂದು ಸ್ಟೂಲು, ಹೆರಿಗೆ ಕೋಣೆಯ ಬಾಗಿಲಲ್ಲಿ ಎಲ್ಲರೂ ಹಾಕಿ ಬಿಡುವ ಒದ್ದೆ ಚಪ್ಪಲಿಯ ಬದಲು ಒಬ್ಬೊಬ್ಬರಿಗೂ ಅವರದೇ ಜೋಡಿ.

ಪ್ರಶ್ನೆ: ಸೊರಬ ಕಡೆ ಹಳ್ಳಿ ಸುತ್ತುವ ಕೆಲಸ ನನ್ನದು. ಮಳೆ ಹಿಡಿದರೆ ಕಿರುಬೆರಳ ಸಂದು ಬೆಳ್ಳಗಾಗಿ ಒಡೆದು ನವೆ. ಅಂಗಡಿಯ ಮುಲಾಮಿಗೆ ಎರಡೇ ದಿನದಲ್ಲಿ ತಗ್ಗುತ್ತದೆ, ಬಿಟ್ಟರೆ ಇನ್ನೂ ಹೆಚ್ಚು.

ಉತ್ತರ: ಟ್ಯೂಬಿನ ಹಿಂದೆ ಓದಿ. ಕ್ಲೊಬೆಟಸಾಲ್ ಅಥವಾ ಬೀಟಮೆಥಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ನವೆ ಅಡಗಿಸಿ ಶಿಲೀಂಧ್ರವನ್ನು ಒಳಗೊಳಗೇ ಬೆಳೆಸುತ್ತದೆ. ಅದನ್ನು ನಿಲ್ಲಿಸಿ, ಬರೀ ಕ್ಲೋಟ್ರಿಮಜೋಲ್ ಕ್ರೀಮ್ ದಿನಕ್ಕೆರಡು ಸಲ ನಾಲ್ಕು ವಾರ ಹಚ್ಚಿ. ನವೆ ನಿಂತಿತೆಂದು ನಡುವೆ ಬಿಡಬೇಡಿ. ಬ್ಯಾಗಿನಲ್ಲಿ ಒಣಬಟ್ಟೆ ಇರಲಿ, ಸಂದು ಸಂದನ್ನೂ ಒರೆಸಿ. ಆ ಬಿರುಕಿನಿಂದ ಕಾಲು ಕೆಂಪಾಗಿ ಊದಿ ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಿ. ಇನ್ನು ಬೇಸಿಗೆಯ ಮಾತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡ ಕ್ಯಾಸನೂರು ನಿಮ್ಮ ತಾಲ್ಲೂಕಿನದೇ. ಅದನ್ನು ಹರಡುವ ಉಣುಗಿನ ಕಾಲದಲ್ಲಿ ಕಾಡಂಚಿಗೆ ಹೋಗುವ ಮುನ್ನ, ಉಣುಗು ಹತ್ತದಂತೆ ಇಲಾಖೆ ಕೊಡುವ ಡೀಪಾ ಎಣ್ಣೆಯನ್ನು ಊರಿನವರಿಗೆ ಹಂಚುವುದರ ಜೊತೆ ನೀವೂ ಕಾಲಿಗೆ ಹಚ್ಚಿಕೊಳ್ಳಿ, ಒಡೆದ ಚರ್ಮ ಬಿಟ್ಟು.

ಪ್ರಶ್ನೆ: ನನಗೂ ಸಕ್ಕರೆ ಕಾಯಿಲೆ ಇದೆ. ಪಾದದ ಸ್ಪರ್ಶಜ್ಞಾನ ಪರೀಕ್ಷಿಸಲು ಉಪಕರಣವಿಲ್ಲ. ಏನು ಮಾಡಲಿ?

ಉತ್ತರ: ಸಹೋದ್ಯೋಗಿಯ ತೋರುಬೆರಳು ಸಾಕು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಪರೀಕ್ಷೆಯಿದು, ಫೋನಿನಲ್ಲೂ ಕಲಿಸಬಹುದು. ನೀವು ಕಣ್ಣು ಮುಚ್ಚಿ. ಅವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ, ಒತ್ತಬಾರದು. ಮುಟ್ಟಿದ್ದು ಗೊತ್ತಾದಾಗ ಎಡ, ಬಲ ಎನ್ನಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಇನ್ನು ಬರಿಗಾಲಿನಲ್ಲಿ ವಾರ್ಡಿಗೆ ಹೋಗಬೇಡಿ, ಈ ವಾರವೇ ವೈದ್ಯರಿಂದ ಪಾದ ಪರೀಕ್ಷೆ ಮಾಡಿಸಿಕೊಳ್ಳಿ.