ಶೆನ್‌ಸ್ಟನ್ ಕವಿಯ ಉದ್ಯಾನ

ಕವಿತೆಯನ್ನು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಓದಿದರೆ ರಸಭಂಗವಾಗುವುದೆಂಬುದು ಎಲ್ಲರೂ ಬಲ್ಲ ಮಾತು. ತೋಟವನ್ನು ಹಿಂದುಮುಂದಾಗಿ ಸುತ್ತಿದರೂ ಹಾಗೆಯೇ ಆಗುವುದೆಂದು ಬಲ್ಲವನು ಆಂಗ್ಲ ಕವಿ ವಿಲಿಯಂ ಶೆನ್‌ಸ್ಟನ್.

ಈತನು 1714ರಲ್ಲಿ ಹೇಲ್ಸೋವನ್ ಊರಿನ ಬಳಿಯ ಲೆಸೋಸ್ ಎಂಬ ಜಮೀನಿನಲ್ಲಿ ಜನಿಸಿದನು. ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜನ್ನು ಸೇರಿದರೂ ಪದವಿಯನ್ನು ಪಡೆಯಲಿಲ್ಲ. ಹಳ್ಳಿಯ ಶಾಲೆಯೊಂದರ ಉಪಾಧ್ಯಾಯಿನಿಯನ್ನು ಕುರಿತ ಕವನ ಅವನಿಗೆ ಹೆಸರು ತಂದಿತು. ಪಿತ್ರಾರ್ಜಿತ ಜಮೀನು ಕೈಗೆ ಬಂದ ಮೇಲೆ ಅವನ ಮನಸ್ಸೆಲ್ಲ ಅದರಲ್ಲೇ ನೆಟ್ಟಿತು. ವರಮಾನವಾದರೋ ವರ್ಷಕ್ಕೆ ಸುಮಾರು 300 ಪೌಂಡು ಮಾತ್ರ.

ಅವನು ಬೇಸಾಯದ ಭೂಮಿಯನ್ನು ಬಿಡಿಸಿ ಉದ್ಯಾನ ಮಾಡಲಿಲ್ಲ. ದನಕುರಿಗಳು ಮೇಯುವ ಹುಲ್ಲುಗಾವಲಿನ ಸುತ್ತ ಒಂದು ಕಾಲುದಾರಿಯನ್ನು ನಡೆಸಿದನು. ತೊರೆಯನ್ನು ಅಲ್ಲಲ್ಲಿ ತಡೆದು ಕಿರುಜಲಪಾತಗಳನ್ನು ಮಾಡಿದನು. ಆಸನಗಳನ್ನೂ ಕಲಶಗಳನ್ನೂ ಇರಿಸಿ, ಅವುಗಳ ಮೇಲೆ ಪದ್ಯಗಳನ್ನು ಬರೆಸಿದನು. ಒಂದು ತೋಪಿಗೆ ರೋಮಿನ ಕವಿ ವರ್ಜಿಲನ ಹೆಸರನ್ನಿಟ್ಟನು. ಕಣ್ಣು ಹೋದ ದಾರಿಯಲ್ಲೇ ಕಾಲೂ ಹೋಗಬಾರದೆಂಬುದು ಅವನ ಸೂತ್ರ. ದೂರದಲ್ಲಿ ಕಂಡ ವಸ್ತು ಒಮ್ಮೆ ಮರೆಯಾಗಿ, ಬಳಸುದಾರಿಯಲ್ಲಿ ಮತ್ತೆ ಎದುರಾಗಬೇಕು. ಕಾವ್ಯದಲ್ಲಿ ಧ್ವನಿ ಮಾಡುವ ಕೆಲಸವೂ ಇದೇ ಅಲ್ಲವೆ?

ನೆರೆಯ ಹ್ಯಾಗ್ಲಿಯ ಸಿರಿವಂತರು ತಮ್ಮ ಅತಿಥಿಗಳನ್ನು ಬೇಕೆಂದೇ ದಾರಿಯ ತಪ್ಪು ತುದಿಯಿಂದ ಒಳಗೆ ಕರೆತರುತ್ತಿದ್ದರೆಂದೂ, ಶೆನ್‌ಸ್ಟನ್ ಇದಕ್ಕಾಗಿ ಬಹಳ ನೊಂದುಕೊಳ್ಳುತ್ತಿದ್ದನೆಂದೂ ಡಾಕ್ಟರ್ ಜಾನ್ಸನ್ ಬರೆದಿದ್ದಾನೆ. ಜಾನ್ಸನ್ನನಿಗೆ ಇದು ನಗೆಯ ವಿಷಯ. ಮನೆಯ ಸೂರು ಸೋರುತ್ತಿದ್ದರೂ ತೋಟಕ್ಕೆ ಹಣ ಸುರಿದವನೆಂದು ಅವನು ಈ ಕವಿಯನ್ನು ಆಕ್ಷೇಪಿಸಿದನು. ಆಕ್ಷೇಪಣೆ ನಿರಾಧಾರವೇನಲ್ಲ, ಹಣದ ಚಿಂತೆ ಕವಿಯನ್ನು ಕಡೆಯವರೆಗೂ ಬಿಡಲಿಲ್ಲ. ಆದರೆ ಆ ನೋವನ್ನು ಬರಿಯ ಹುಚ್ಚೆನ್ನಲಾಗದು. ತನ್ನ ಪದ್ಯವನ್ನು ತಲೆಕೆಳಗಾಗಿ ಓದಿದಾಗ ಯಾವ ಕವಿ ತಾನೇ ನೋಯುವುದಿಲ್ಲ?

ಶೆನ್‌ಸ್ಟನ್ 1763ರಲ್ಲಿ ತೀರಿಕೊಂಡನು. ತೋಟಗಾರಿಕೆಯನ್ನು ಕುರಿತ ಅವನ ಬಿಡಿ ಚಿಂತನೆಗಳು ಮರುವರ್ಷ ಅಚ್ಚಾದವು. 1786ರಲ್ಲಿ ಅಮೆರಿಕದ ಜೆಫರ್ಸನ್ ಮತ್ತು ಆಡಮ್ಸ್ ಲೆಸೋಸನ್ನು ನೋಡಲು ಬಂದರು. ಇದು ಸುತ್ತಲೂ ಕಾಲುದಾರಿಯುಳ್ಳ ಹುಲ್ಲುಗಾವಲು ಮಾತ್ರವೆಂದು ಜೆಫರ್ಸನ್ ಬರೆದುಕೊಂಡನು. ಹಗುರವಾಗಿ ಆಡಿದ ಆ ಮಾತಿನಲ್ಲಿಯೇ ಕವಿಯ ಹಿರಿಮೆಯಿದೆ. ಅರಸರಿಗೆ ಅರಮನೆಯ ಉದ್ಯಾನಗಳು ಬೇಕಾದುವು. ಇವನಿಗೆ ಒಂದು ಹುಲ್ಲುಗಾವಲೂ ಒಂದು ದಾರಿಯೂ ಸಾಕಾದುವು. ಇಂದು ಲೆಸೋಸ್ ಸಾರ್ವಜನಿಕ ಉದ್ಯಾನವಾಗಿದೆ. ಅವನ ಪದ್ಯಗಳನ್ನು ಓದದವರೂ ಅಲ್ಲಿ ಅವನು ಹಾಕಿಕೊಟ್ಟ ಕಣಿವೆಯ ಹಾದಿಯಲ್ಲಿ ನಡೆದಾಡುತ್ತಾರೆ.